ಧನುರ್ಮಾಸದ ಪ್ಲೇಲಿಸ್ಟ್: ತಾವೇ ಬರೆದು ತಾವೇ ಹಾಡಿದ ಹೆಣ್ಣುಮಕ್ಕಳ ಹತ್ತು ಚಳಿಗಾಲದ ಹಾಡುಗಳು

ಚಳಿಗಾಲದ ಹಾಡು ಅಂತ ಫೋನಿನಲ್ಲಿ ಹುಡುಕಿದರೆ ಸಿಗುವುದು ಹೆಚ್ಚಾಗಿ ಎರಡೇ ಬಗೆ. ಒಂದು, ಅಂಗಡಿಗಳಲ್ಲಿ ಹಾಕುವ ಕ್ರಿಸ್‌ಮಸ್ ಹಾಡುಗಳು. ಇನ್ನೊಂದು, ಯಾರು ಮಾಡಿದ್ದು ಅಂತಲೇ ಗೊತ್ತಾಗದ, ನಿದ್ದೆ ಬರಿಸುವ ಸಂಗೀತ. ಇವೆರಡೂ ಅಲ್ಲದ ಮೂರನೆಯದೊಂದಿದೆ. ಸಾಹಿತ್ಯ ತಾವೇ ಬರೆದು, ರಾಗ ತಾವೇ ಹಾಕಿ, ಪಿಯಾನೋ ಅಥವಾ ಗಿಟಾರ್ ಇಟ್ಟುಕೊಂಡು ತಾವೇ ಹಾಡಿದ ಹೆಣ್ಣುಮಕ್ಕಳ ಹಾಡುಗಳು. ಸಿಂಗರ್-ಸಾಂಗ್‌ರೈಟರ್ ಅನ್ನುತ್ತಾರಲ್ಲ, ಅವರು. ಕೆನಡಾ, ಇಂಗ್ಲೆಂಡ್, ಅಮೆರಿಕದ ಇಂಥ ಹಾಡುಗಳು ನನಗೆ ಪ್ರತಿ ಡಿಸೆಂಬರಿಗೂ ಬೇಕೇ ಬೇಕು. ಇವುಗಳನ್ನು ಕೇಳೋಕೆ ಹಿಮ ಬೀಳುವ ಊರೇ ಆಗಬೇಕಿಲ್ಲ, ಬೆಂಗಳೂರು ಧಾರವಾಡದ ಚಳಿ ಸಾಕು. ಆದರೆ ಒಟ್ಟಿಗೆ ಹಾಕಿಕೊಂಡು ಕೆಲಸ ಮಾಡುತ್ತಾ ಕೇಳಿದರೆ ಒಂದೂ ಮನಸ್ಸಿಗೆ ಇಳಿಯುವುದಿಲ್ಲ. ಅದಕ್ಕೇ ಹೇಗೆ ಕೇಳಬೇಕು ಅನ್ನುವುದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ದಿನ ಗೊತ್ತು ಮಾಡಿಕೊಳ್ಳಿ

ಡಿಸೆಂಬರ್ ನಡುವಿನಿಂದ ಸಂಕ್ರಾಂತಿವರೆಗೆ ಧನುರ್ಮಾಸ. ಹೆಚ್ಚುಕಮ್ಮಿ 30 ದಿನ. ಮೇಲುಕೋಟೆಯಂಥ ಕಡೆ ಈ ತಿಂಗಳು ಬೆಳಗಿನ ಜಾವ ತಿರುಪ್ಪಾವೈ ಅನ್ನುವ ತಮಿಳು ಭಕ್ತಿಗೀತೆಗಳು ಕೇಳಿಸುತ್ತವೆ. ತಿರುಮಲದಲ್ಲಂತೂ ಈ ತಿಂಗಳಿಡೀ ಸುಪ್ರಭಾತದ ಬದಲು ಅದೇ. ಬರೆದದ್ದು ಶ್ರೀವಿಲ್ಲಿಪುತ್ತೂರಿನ ಆಂಡಾಳ್, ಸಾವಿರ ವರ್ಷಕ್ಕೂ ಹಿಂದೆ. ಚಳಿಯಲ್ಲಿ ಗೆಳತಿಯರನ್ನು ಒಬ್ಬೊಬ್ಬರನ್ನಾಗಿ ಎಬ್ಬಿಸಿ, ಏಳೇ, ಸ್ನಾನಕ್ಕೆ ಹೋಗೋಣ ಅಂತ ಕರೆಯುವ ಪಾಶುರಗಳು, ಅಂದರೆ ಪದ್ಯಗಳು. ಒಟ್ಟು 30, ದಿನಕ್ಕೆ ಒಂದು. ಒಬ್ಬ ಹುಡುಗಿ ಚಳಿಗಾಲಕ್ಕೆ ಅಂತಲೇ ಬರೆದ ಹಾಡುಗಳು ಇಷ್ಟು ಶತಮಾನ ಬಾಳಿದ್ದರಲ್ಲಿ ಈ ದಿನಕ್ಕೊಂದು ಅನ್ನುವ ಕ್ರಮದ ಪಾಲೂ ದೊಡ್ಡದು ಅಂತ ನನಗನ್ನಿಸುತ್ತದೆ. ಇವತ್ತಿನದು ಮುಗಿದರೆ ಮುಂದಿನದು ನಾಳೆಯೇ.

ನಾನು ಆ ಕ್ರಮವನ್ನೇ ಸ್ವಲ್ಪ ಸಡಿಲ ಮಾಡಿಕೊಂಡಿದ್ದೇನೆ. ಹೊಸ ಭಾಷೆಯ, ಹೊಸ ಊರಿನ ಹಾಡು ಒಂದೇ ದಿನಕ್ಕೆ ಒಗ್ಗುವುದಿಲ್ಲ. ಆದ್ದರಿಂದ ಹತ್ತು ಹಾಡು, ಒಂದೊಂದಕ್ಕೆ ಮೂರು ದಿನ. ಮೊದಲ ದಿನ ಸಾಹಿತ್ಯ ನೋಡದೆ ಸುಮ್ನೆ ಕೇಳಿ. ಎರಡನೇ ದಿನ ಸಾಹಿತ್ಯ ಎದುರಿಗಿಟ್ಟುಕೊಂಡು ಕೇಳಿ, ಅರ್ಥವಾಗದ ಸಾಲಿನಲ್ಲಿ ನಿಲ್ಲಿಸಿ, ಹಿಂದಕ್ಕೆ ಹೋಗಿ ಮತ್ತೆ ಕೇಳಿ. ಮೂರನೇ ದಿನ ಫೋನ್ ಮಗುಚಿಟ್ಟು, ದೀಪ ಆರಿಸಿ ಕೇಳಿ. ದಿನಕ್ಕೆ ಐದು ಹತ್ತು ನಿಮಿಷದ ಕೆಲಸ ಅಷ್ಟೇ. ಸಂಜೆ ಆರಕ್ಕೆಲ್ಲ ಕತ್ತಲಾಗುವ ಕಾಲ, ಆ ಹೊತ್ತೇ ಒಳ್ಳೆಯದು. ಬೆಳಗ್ಗೆ ವಾಕಿಂಗ್ ಹೋಗುವವರು ಆವಾಗ ಕೇಳಿದರೂ ಸರಿ.

ಹಾಡು ಬರೆದವರು ಯಾರು ಅಂತ ನೋಡಿ

ಇದನ್ನು ಮಾತ್ರ ಬಿಡಬೇಡಿ. ಹೆಣ್ಣು ದನಿ ಇದ್ದ ಮಾತ್ರಕ್ಕೆ ಹಾಡು ಅವಳದೇ ಅಂತಲ್ಲ. ಸ್ಪಾಟಿಫೈಯಲ್ಲಿ ಹಾಡಿನ ಪಕ್ಕದ ಮೂರು ಚುಕ್ಕಿ ಒತ್ತಿದರೆ ಕ್ರೆಡಿಟ್ಸ್ ಅಂತ ಬರುತ್ತದೆ, ಅಲ್ಲಿ ಬರೆದವರ ಹೆಸರಿರುತ್ತದೆ. ಯೂಟ್ಯೂಬಿನಲ್ಲಿ ಎಷ್ಟೋ ಸಲ ವಿಡಿಯೋ ಕೆಳಗಿನ ವಿವರಣೆಯಲ್ಲೇ ಸಿಗುತ್ತದೆ.

ಒಂದು ಉದಾಹರಣೆ. ಕೆನಡಾದ ಸಾರಾ ಮೆಕ್ಲಾಕ್ಲನ್ 2006ರಲ್ಲಿ 'ವಿಂಟರ್‌ಸಾಂಗ್' ಅನ್ನುವ ಆಲ್ಬಂ ಮಾಡಿದರು. ಅದರ ಶೀರ್ಷಿಕೆ ಗೀತೆ ಅವರದೇ. ಅದೇ ಆಲ್ಬಮ್ಮಿನ 'ರಿವರ್' ಜೋನಿ ಮಿಚೆಲ್ ಅವರದು. 'ಸಾಂಗ್ ಫಾರ್ ಎ ವಿಂಟರ್ಸ್ ನೈಟ್' ಗಾರ್ಡನ್ ಲೈಟ್‌ಫುಟ್ ಅವರದು. ಮೂರೂ ಚೆನ್ನಾಗಿವೆ, ಆದರೆ ಸಾರಾ ದನಿಯಲ್ಲಿ ನಮ್ಮ ಈ ಪಟ್ಟಿಯ ಲೆಕ್ಕಕ್ಕೆ ಹೊಂದುವುದು ಮೊದಲನೆಯದು ಮಾತ್ರ. ಇದೇಕೆ ಇಷ್ಟು ಮುಖ್ಯ ಅಂದರೆ, ಬರೆದವರೇ ಹಾಡುವಾಗ ಎಲ್ಲಿ ದನಿ ತಗ್ಗಬೇಕು, ಯಾವ ಪದವನ್ನು ಅರ್ಧಕ್ಕೇ ನುಂಗಬೇಕು ಅನ್ನುವುದು ಅವರಿಗೆ ಒಳಗಿನಿಂದ ಗೊತ್ತಿರುತ್ತದೆ. ಬೇರೆಯವರು ಹಾಡಿದಾಗ ಹಾಡು ಎಷ್ಟೋ ಸಲ ಚಂದವಾಗುತ್ತದೆ, ದುಂಡಗಾಗುತ್ತದೆ, ಆ ನುಂಗಿದ ಪದ ಮಾತ್ರ ಸಿಗುವುದಿಲ್ಲ.

ಫೋನಿನ ಸೆಟ್ಟಿಂಗ್ ಸರಿಮಾಡಿ

ಕ್ರಾಸ್‌ಫೇಡ್ ಆಫ್ ಮಾಡಿ. ಆಟೋಪ್ಲೇ ಆಫ್ ಮಾಡಿ. ಶಫಲ್ ಆಫ್. ಕ್ರಾಸ್‌ಫೇಡ್ ಇದ್ದರೆ ಒಂದು ಹಾಡಿನ ಬಾಲ ಇನ್ನೊಂದರ ತಲೆಗೆ ಅಂಟಿಕೊಳ್ಳುತ್ತದೆ, ಈ ಹಾಡುಗಳಲ್ಲಿ ಬಾಲವೇ ಮುಖ್ಯ, ಮುಂದೆ ಹೇಳುತ್ತೇನೆ. ಆಟೋಪ್ಲೇ ಇದ್ದರೆ ಹಾಡು ಮುಗಿದ ಕೂಡಲೇ ಆ್ಯಪ್ ತನಗೆ ತೋಚಿದ್ದನ್ನು ಶುರು ಮಾಡುತ್ತದೆ, ನಿಮಗೆ ಸುಮ್ಮನೆ ಕೂರಲು ಬಿಡುವುದಿಲ್ಲ. ಇಯರ್‌ಫೋನ್ ಸಾಕು, ದೊಡ್ಡ ಸ್ಪೀಕರ್ ಬೇಡ. ಇವುಗಳಲ್ಲಿ ದನಿಯೇ ಮುಖ್ಯ.

ಇನ್ನೊಂದು ವಿಷಯ. ಜೋನಿ ಮಿಚೆಲ್ 2022ರಲ್ಲಿ ತಮ್ಮ ಹಾಡುಗಳನ್ನು ಸ್ಪಾಟಿಫೈಯಿಂದ ತೆಗೆಸಿದ್ದರು. 2024ರಲ್ಲಿ ವಾಪಸ್ ಬಂದಿವೆ. ಆಗ ಹುಡುಕಿ ಸಿಗದೆ ಕವರ್ ಹಾಡುಗಳನ್ನು, ಅಂದರೆ ಬೇರೆಯವರು ಹಾಡಿದ್ದನ್ನು, ಸೇವ್ ಮಾಡಿಕೊಂಡವರು ಈಗ ಮೂಲವನ್ನೇ ಹಾಕಿಕೊಳ್ಳಿ.

ಒಂದು ಮತ್ತು ಎರಡು: ಜೋನಿ ಮಿಚೆಲ್

ಶುರು ಮಾಡಬೇಕಾದ್ದು ಇವರಿಂದಲೇ. ಹುಟ್ಟಿದ್ದು 1943ರಲ್ಲಿ, ಕೆನಡಾದ ಆಲ್ಬರ್ಟಾದಲ್ಲಿ. ಬೆಳೆದದ್ದು ಸಸ್ಕಟೂನ್‌ನಲ್ಲಿ. ಬಯಲುಸೀಮೆಯ ಊರು, ಆದರೆ ಚಳಿ ನಾವು ಊಹಿಸೋಕೂ ಆಗದಷ್ಟು. ಮೈನಸ್ 20ಕ್ಕಿಂತ ಕೆಳಗೆ ಹೋಗುವುದು ಅಲ್ಲಿ ಮಾಮೂಲು.

ಮೊದಲ ಹಾಡು 'ಅರ್ಜ್ ಫಾರ್ ಗೋಯಿಂಗ್'. ಚಳಿ ಈಗಷ್ಟೇ ಬಾಗಿಲಿಗೆ ಬಂದಿದೆ, ಎಲೆ ಉದುರುತ್ತಿದೆ, ಹೆಬ್ಬಾತುಗಳು ಸಾಲುಗಟ್ಟಿ ಹೊರಟಿವೆ, ಹಾಡುವವಳಿಗೂ ಹೊರಟುಬಿಡಬೇಕು ಅನ್ನಿಸುತ್ತಿದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುವುದನ್ನು ನೋಡಿದವರಿಗೆ ಈ ಹಾಡು ಬೇರೆ ಥರ ಕೇಳಿಸುತ್ತದೆ. ನಾವು ಯಾವಾಗಲೂ ಹಕ್ಕಿ ಬಂದಿಳಿಯುವ ಕಡೆ ನಿಂತವರು. ಈ ಹಾಡು ಹಕ್ಕಿ ಬಿಟ್ಟು ಹೋಗುವ ಕಡೆ ನಿಂತದ್ದು. ಜೋನಿ ಇದನ್ನು 60ರ ದಶಕದಲ್ಲೇ ಬರೆದರೂ ಮೊದಲು ಬೇರೆಯವರು ರೆಕಾರ್ಡ್ ಮಾಡಿದರು. ಅವರ ಸ್ವಂತ ದನಿಯಲ್ಲಿ ಬಂದದ್ದು 1972ರಲ್ಲಿ, ಅದೂ ಒಂದು ಸಿಂಗಲ್‌ನ ಬಿ-ಸೈಡ್ ಆಗಿ, ಅಂದರೆ ಸಣ್ಣ ರೆಕಾರ್ಡಿನ ಹಿಂಬದಿಯಲ್ಲಿ. ಈಗ 1996ರ 'ಹಿಟ್ಸ್' ಸಂಕಲನದಲ್ಲಿ ಸಿಗುತ್ತದೆ.

ಎರಡನೆಯದು 'ರಿವರ್', 1971ರ 'ಬ್ಲೂ' ಆಲ್ಬಮ್ಮಿನದು. ಈ ಪಟ್ಟಿಯಲ್ಲಿ ಒಂದೇ ಹಾಡು ಕೇಳುವಷ್ಟು ಪುರುಸೊತ್ತು ಇದ್ದರೆ ಇದನ್ನೇ ಕೇಳಿ. ಶುರುವಿನ ಪಿಯಾನೋ ಗಮನಿಸಿ. 'ಜಿಂಗಲ್ ಬೆಲ್ಸ್' ಅಲ್ವಾ ಅನ್ನಿಸುತ್ತದೆ. ಹೌದು, ಅದೇ. ಆದರೆ ಅದರ ಖುಷಿಯನ್ನು ಯಾರೋ ಹಿಂಡಿ ತೆಗೆದ ಹಾಗಿದೆ. ಕ್ರಿಸ್‌ಮಸ್ ಬರುತ್ತಿದೆ, ಎಲ್ಲರೂ ಮರ ಕಡಿದು ತಂದು ಸಿಂಗರಿಸುತ್ತಿದ್ದಾರೆ, ಹಾಡುವವಳು ಮಾತ್ರ ಪ್ರೀತಿಸಿದವನನ್ನು ಕಳೆದುಕೊಂಡು ಕೂತಿದ್ದಾಳೆ. ತಪ್ಪು ತನ್ನದೇ ಅಂತಲೂ ಒಪ್ಪಿಕೊಳ್ಳುತ್ತಾಳೆ. ನನಗೊಂದು ನದಿ ಇದ್ದಿದ್ದರೆ ಅದರ ಮೇಲೆ ಜಾರಿಕೊಂಡು ದೂರ ಹೋಗಿಬಿಡುತ್ತಿದ್ದೆ ಅನ್ನುತ್ತಾಳೆ.

ಇಲ್ಲಿ ನಮಗೆ ಒಂದು ವಿಷಯ ಗೊತ್ತಿರಬೇಕು. ನದಿ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಹರಿಯುವ ಕಾವೇರಿ, ತುಂಗೆ. ಸಸ್ಕಟೂನ್‌ನಲ್ಲಿ ಬೆಳೆದವರಿಗೆ ಚಳಿಗಾಲದ ನದಿ ಅಂದರೆ ಹೆಪ್ಪುಗಟ್ಟಿದ ನದಿ. ಕಾಲಿಗೆ ಸ್ಕೇಟ್ಸ್ ಕಟ್ಟಿಕೊಂಡರೆ ಊರಾಚೆಗೆ ಒಯ್ಯುವ ದಾರಿ ಅದು. ಹಾಡಿನಲ್ಲಿ ಆಕೆ ಇರುವುದು ಕ್ಯಾಲಿಫೋರ್ನಿಯಾದ ಹಿಮ ಬೀಳದ ಕಡೆ. ಸುತ್ತ ಇನ್ನೂ ಹಸಿರು. ತಪ್ಪಿಸಿಕೊಂಡು ಹೋಗಲು ಆ ದಾರಿಯೂ ಇಲ್ಲ. ಅಂದರೆ ಜಗತ್ತಿನಲ್ಲಿ ಇಷ್ಟು ಜನ ಹಾಡುವ ಈ ಚಳಿಗಾಲದ ಹಾಡು ಇರುವುದು ಚಳಿಯೇ ಇಲ್ಲದ ಊರಲ್ಲಿ ಕೂತು ಚಳಿಯನ್ನು ನೆನೆಯುವುದರಲ್ಲಿ. ನಮ್ಮಂಥವರಿಗೆ ಇದಕ್ಕಿಂತ ಹತ್ತಿರದ ಹಾಡು ಯಾವುದಿದೆ ಹೇಳಿ. ಕೊನೆಯವರೆಗೂ ಕೇಳಿ. ಆ 'ಜಿಂಗಲ್ ಬೆಲ್ಸ್' ಮತ್ತೆ ಬರುತ್ತದೆ, ಇನ್ನಷ್ಟು ಕದಡಿಕೊಂಡು. ಕ್ರಾಸ್‌ಫೇಡ್ ಆಫ್ ಮಾಡಿ ಅಂದದ್ದು ಇದಕ್ಕೇ. ಇಡೀ ಹಾಡಿನಲ್ಲಿ ಇರುವುದು ಜೋನಿ ಮತ್ತು ಅವರ ಪಿಯಾನೋ ಮಾತ್ರ.

ಮೂರು ಮತ್ತು ನಾಲ್ಕು: ಇಂಗ್ಲೆಂಡಿನ ಇಬ್ಬರು

ಸ್ಯಾಂಡಿ ಡೆನ್ನಿ ಅವರ 'ಹೂ ನೋಸ್ ವೇರ್ ದ ಟೈಮ್ ಗೋಸ್'. ಇಪ್ಪತ್ತರ ಆಸುಪಾಸಿನ ಹುಡುಗಿ ಬರೆದದ್ದು ಅಂದರೆ ನಂಬೋಕೆ ಆಗುವುದಿಲ್ಲ. ಸಂಜೆಯ ಆಕಾಶದಲ್ಲಿ ಹಕ್ಕಿಗಳು ಹೊರಡುತ್ತಿವೆ, ಹೊರಡುವ ಹೊತ್ತು ಅಂತ ಅವಕ್ಕೆ ಹೇಗೆ ಗೊತ್ತಾಗುತ್ತದೋ. ನಾನು ಮಾತ್ರ ಒಲೆಯ ಮುಂದೆ ಕನಸು ಕಾಣುತ್ತಾ ಇಲ್ಲೇ ಇರುತ್ತೇನೆ, ಕಾಲದ ಲೆಕ್ಕ ನನಗಿಲ್ಲ. ಇಷ್ಟೇ ಹಾಡು. 1969ರಲ್ಲಿ ಫೇರ್‌ಪೋರ್ಟ್ ಕನ್ವೆನ್ಶನ್ ತಂಡದ ಜೊತೆ 'ಅನ್‌ಹಾಫ್‌ಬ್ರಿಕಿಂಗ್' ಆಲ್ಬಮ್ಮಿನಲ್ಲಿ ಹಾಡಿದ್ದನ್ನು ಮೊದಲ ದಿನ ಕೇಳಿ. ಮೂರನೇ ದಿನ ಬರೀ ಗಿಟಾರ್ ಹಿಡಿದು ಅದಕ್ಕೂ ಮುಂಚೆ ಹಾಡಿದ ರೆಕಾರ್ಡಿಂಗ್ ಹುಡುಕಿ ಕೇಳಿ. ಕಾಲದ ಲೆಕ್ಕ ಇಡುವುದಿಲ್ಲ ಅಂದ ಸ್ಯಾಂಡಿ 1978ರಲ್ಲಿ ತೀರಿಕೊಂಡರು, 31ನೇ ವಯಸ್ಸಿಗೆ.

ವಾಷ್ಟಿ ಬನ್ಯನ್ ಅವರ 'ವಿಂಟರ್ ಈಸ್ ಬ್ಲೂ' 60ರ ದಶಕದ್ದು. ಪುಟ್ಟ ಹಾಡು, ಪಿಸುಮಾತಿನಷ್ಟು ಮೆಲುದನಿ. ಈ ಹಾಡಿಗೆ ಮೂರು ದಿನ ಬೇಡ ಅನ್ನಿಸಿದರೆ ಎರಡೇ ದಿನ ಕೊಟ್ಟು, ಉಳಿದ ದಿನ ಅವರ 1970ರ 'ಜಸ್ಟ್ ಅನದರ್ ಡೈಮಂಡ್ ಡೇ' ಆಲ್ಬಂ ಕೇಳಿ. ಕುದುರೆಗಾಡಿ ಕಟ್ಟಿಕೊಂಡು ಸ್ಕಾಟ್ಲೆಂಡಿನ ದ್ವೀಪಗಳ ಕಡೆ ಹೊರಟ ದಾರಿಯಲ್ಲಿ ಹುಟ್ಟಿದ ಹಾಡುಗಳು ಅದರಲ್ಲಿವೆ. ಆಗ ಆ ಆಲ್ಬಮ್ಮನ್ನು ಕೊಂಡವರು ಬಹಳ ಕಡಿಮೆ. ವಾಷ್ಟಿ ಹಾಡುವುದನ್ನೇ ಬಿಟ್ಟು ಮಕ್ಕಳನ್ನು ಬೆಳೆಸುತ್ತಾ ಇದ್ದುಬಿಟ್ಟರು. 2000ದಲ್ಲಿ ಆಲ್ಬಂ ಮತ್ತೆ ಬಿಡುಗಡೆಯಾದ ಮೇಲೆ ಹೊಸ ಕಾಲದ ಕೇಳುಗರು ಅದನ್ನು ಕೈಬಿಡಲಿಲ್ಲ. 2005ರಲ್ಲಿ ಅವರು ಎರಡನೇ ಆಲ್ಬಂ ಮಾಡಿದರು. ನಡುವೆ 35 ವರ್ಷ!

ಐದು: ಡಾಲಿ ಪಾರ್ಟನ್, 'ಕೋಟ್ ಆಫ್ ಮೆನಿ ಕಲರ್ಸ್'

ಇದರಲ್ಲಿ ಹಿಮ ಇಲ್ಲ, ಚಳಿಗೆ ಹಾಕಿಕೊಳ್ಳಲು ಬಟ್ಟೆ ಇಲ್ಲದ ಬಡತನ ಇದೆ. ಅಮೆರಿಕದ ಟೆನೆಸಿಯ ಬೆಟ್ಟಸೀಮೆಯಲ್ಲಿ ಹನ್ನೆರಡು ಮಕ್ಕಳ ಮನೆ, ಡಾಲಿ ನಾಲ್ಕನೆಯವರು. ಚಳಿ ಬರುತ್ತಿದೆ, ಕೋಟಿಗೆ ದುಡ್ಡಿಲ್ಲ. ಯಾರೋ ಕೊಟ್ಟ ಬಟ್ಟೆಯ ತುಂಡುಗಳನ್ನು ಅಮ್ಮ ಜೋಡಿಸಿ ಹೊಲಿಯುತ್ತಾಳೆ, ನಮ್ಮ ಕಡೆ ಹಳೇ ಸೀರೆ ಧೋತರದಲ್ಲಿ ಅಜ್ಜಿ ಕೌದಿ ಹೊಲಿದ ಹಾಗೆ. ಹೊಲಿಯುತ್ತಾ ಬೈಬಲ್ಲಿನ ಯೋಸೇಫನ ಬಣ್ಣದ ಅಂಗಿಯ ಕತೆ ಹೇಳುತ್ತಾಳೆ. ಮಗಳು ಹೆಮ್ಮೆಯಿಂದ ಹಾಕಿಕೊಂಡು ಶಾಲೆಗೆ ಹೋದರೆ ಮಕ್ಕಳೆಲ್ಲ ನಗುತ್ತಾರೆ. ಅವರು ಯಾಕೆ ನಗುತ್ತಿದ್ದಾರೆ ಅಂತಲೇ ಅವಳಿಗೆ ಅರ್ಥವಾಗುವುದಿಲ್ಲ, ಯಾಕೆಂದರೆ ಅವಳ ಲೆಕ್ಕದಲ್ಲಿ ಅವಳಷ್ಟು ಸಾಹುಕಾರರು ಯಾರೂ ಇಲ್ಲ.

1969ರಲ್ಲಿ ಬಸ್ಸಿನಲ್ಲಿ ಊರೂರು ಹಾಡುತ್ತಾ ತಿರುಗುತ್ತಿದ್ದಾಗ ಬರೆದದ್ದು. ಕಾಗದ ಸಿಗದೆ ಡ್ರೈಕ್ಲೀನಿಂಗ್ ರಸೀದಿಯ ಮೇಲೆ ಬರೆದರಂತೆ. 1971ರಲ್ಲಿ ಬಿಡುಗಡೆಯಾಯಿತು. ಇಂಗ್ಲಿಷ್ ಸರಳ, ಉಚ್ಚಾರಣೆ ಸ್ಪಷ್ಟ, ಕತೆ ಇದೆ. ಅಮ್ಮನಿಗೋ ಮಕ್ಕಳಿಗೋ ಜೊತೆಯಲ್ಲಿ ಕೂರಿಸಿಕೊಂಡು ಕೇಳಿಸಬೇಕು ಅಂದರೆ ಇದನ್ನೇ ಆರಿಸಿ. ಒಂದೊಂದು ಚರಣಕ್ಕೂ ನಿಲ್ಲಿಸಿ ಕನ್ನಡದಲ್ಲಿ ಕತೆ ಹೇಳಿ, ಆಮೇಲೆ ಪೂರ್ತಿ ಹಾಕಿ.

ಆರು: ಟೋರಿ ಏಮಸ್, 'ವಿಂಟರ್'

1992ರ 'ಲಿಟಲ್ ಅರ್ಥ್‌ಕ್ವೇಕ್ಸ್' ಆಲ್ಬಮ್ಮಿನದು. ಇದು ಅಪ್ಪ ಮಗಳ ಹಾಡು. ಹಿಮದಲ್ಲಿ ಆಡುವ ಸಣ್ಣ ಹುಡುಗಿ, ಅಪ್ಪನ ಕೈಗವಸಿನೊಳಗೆ ಅವಳ ಕೈ. ಆಮೇಲೆ ವರ್ಷಗಳು ಕಳೆಯುತ್ತವೆ, ಹುಡುಗರು ಬರುತ್ತಾರೆ ಹೋಗುತ್ತಾರೆ, ಅಪ್ಪನ ಕೂದಲು ನರೆಯುತ್ತದೆ. ನಾನು ನಿನ್ನನ್ನು ಪ್ರೀತಿಸುವಷ್ಟು ನಿನ್ನನ್ನು ನೀನು ಯಾವಾಗ ಪ್ರೀತಿಸಿಕೊಳ್ಳುತ್ತೀಯ ಅನ್ನುವ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಟೋರಿಯ ತಂದೆ ಚರ್ಚಿನ ಪಾದ್ರಿ. ಮಗಳು ಐದನೇ ವಯಸ್ಸಿಗೇ ಬಾಲ್ಟಿಮೋರಿನ ಪೀಬಡಿ ಸಂಗೀತ ಶಾಲೆಗೆ ಸೇರಿದವಳು. ಪಿಯಾನೋ ಆಕೆಗೆ ಮಾತಿನಷ್ಟೇ ಸಹಜ ಅನ್ನುವುದು ಮೊದಲ ನಾಲ್ಕು ಸ್ವರಕ್ಕೇ ಗೊತ್ತಾಗುತ್ತದೆ. ಅಪ್ಪನ ಜೊತೆ ಫೋನಿನಲ್ಲಿ ಊಟ ಆಯ್ತಾ ಅನ್ನುವುದಕ್ಕಿಂತ ಜಾಸ್ತಿ ಮಾತಾಡದ ಹೆಣ್ಣುಮಕ್ಕಳು ಇದನ್ನು ಒಬ್ಬರೇ ಇರುವಾಗ ಕೇಳಿ.

ಏಳು: ದೂರದಲ್ಲಿ ಇರುವವರಿಗೆ

ಟೊರೊಂಟೊದಲ್ಲೋ ಮಿನಿಯಾಪೊಲಿಸ್‌ನಲ್ಲೋ ಇರುವ ಕನ್ನಡದವರಿಗೆ ಡಿಸೆಂಬರ್ ಅಂದರೆ ಐದು ಗಂಟೆಯ ಒಳಗೇ ಕತ್ತಲು. ಅವರಿಗೆ ನಾನು ಮೊದಲು ಕಳಿಸುವುದು ಲಾರಾ ಮಾರ್ಲಿಂಗ್ ಅವರ 'ಗುಡ್‌ಬೈ ಇಂಗ್ಲೆಂಡ್ (ಕವರ್ಡ್ ಇನ್ ಸ್ನೋ)'. 2009ರ ಡಿಸೆಂಬರಿನಲ್ಲಿ ಬಂದ ಹಾಡು, ಆಗ ಲಾರಾಗೆ ಇನ್ನೂ 19. ಊರು ಹಿಮ ಹೊದ್ದು ಮಲಗಿದೆ, ಹುಡುಗಿ ಹೊರಡಬೇಕು ಅಂತಿದ್ದಾಳೆ. ಹೊರಡುವಾಗಲೇ ವಾಪಸ್ ಬರುವ ಮಾತು, ಮುದುಕಿಯಾದ ಮೇಲೆ ನನ್ನನ್ನು ಇಲ್ಲಿಗೇ ಕರೆತನ್ನಿ ಅಂತ. ಊರು ಬಿಟ್ಟವರಿಗೆ ಇದರ ಎರಡನೇ ದಿನ, ಸಾಹಿತ್ಯ ಓದುವ ದಿನ, ಸ್ವಲ್ಪ ಕಷ್ಟದ್ದೇ. ವಾರದ ನಡುವೆ ಬೇಡ, ಶನಿವಾರಕ್ಕೆ ಇಟ್ಟುಕೊಳ್ಳಿ.

ಎಂಟು ಮತ್ತು ಒಂಬತ್ತು: ನಗು ಮತ್ತು ನಂಬಿಕೆ

ಇಷ್ಟು ಹೊತ್ತಿಗೆ ಮನಸ್ಸು ಭಾರ ಆಗಿರುತ್ತದೆ. ಕ್ರಿಸ್‌ಮಸ್ ಕಳೆದು ಹೊಸ ವರ್ಷವೂ ಬಂದಿರುತ್ತದೆ. ಈಗ ಡಾರ್ ವಿಲಿಯಮ್ಸ್ ಅವರ 'ದ ಕ್ರಿಶ್ಚಿಯನ್ಸ್ ಆ್ಯಂಡ್ ದ ಪೇಗನ್ಸ್' ಹಾಕಿ, 1996ರದು. ಚಳಿಗಾಲದ ಅತಿ ದೀರ್ಘ ರಾತ್ರಿಯನ್ನು ತಮ್ಮದೇ ರೀತಿಯಲ್ಲಿ ಆಚರಿಸುವ ಇಬ್ಬರು ಹುಡುಗಿಯರು, ಉಳಿಯಲು ಜಾಗ ಕೇಳುವ ಅವರನ್ನು ಕ್ರಿಸ್‌ಮಸ್ ಊಟಕ್ಕೆ ಸೇರಿಸಿಕೊಳ್ಳುವ, ಅವರಲ್ಲೊಬ್ಬಳ ಅಪ್ಪನ ಸೋದರನಾದ ಕ್ರೈಸ್ತ. ಒಂದೇ ಮೇಜಿನ ಮುಂದೆ ಬೇರೆ ಬೇರೆ ನಂಬಿಕೆಯವರು ಕೂತು ಊಟ ಮಾಡುವ ಮುಜುಗರ, ಅದು ನಿಧಾನಕ್ಕೆ ಕರಗುವುದು. ಹಬ್ಬಕ್ಕೆ ನೆಂಟರೆಲ್ಲ ಸೇರಿದಾಗ ನಮ್ಮ ಮನೆಗಳಲ್ಲೂ ಇದೇ ಅಲ್ವಾ. ಸಾಹಿತ್ಯ ತುಂಬಾ ಬೇಗ ಬೇಗ ಹೋಗುತ್ತದೆ, ಆದ್ದರಿಂದ ಇದೊಂದಕ್ಕೆ ಮೊದಲ ದಿನವೇ ಸಾಹಿತ್ಯ ತೆರೆದುಕೊಳ್ಳಿ.

ಒಂಬತ್ತನೆಯದು ಸಾರಾ ಬರೇಲಿಸ್ ಮತ್ತು ಇಂಗ್ರಿಡ್ ಮೈಕಲ್ಸನ್ ಜೊತೆಯಾಗಿ ಬರೆದು ಹಾಡಿದ 'ವಿಂಟರ್ ಸಾಂಗ್', 2008ರದು. ಇಬ್ಬರ ದನಿ ಒಂದರೊಳಗೊಂದು ಸೇರಿಕೊಳ್ಳುವುದನ್ನು ಇಯರ್‌ಫೋನಿನಲ್ಲೇ ಕೇಳಬೇಕು. ಹಾಡಲು ಬರುವ ಅಕ್ಕ ತಂಗಿಯರಿದ್ದರೆ ಮೂರನೇ ದಿನ ನೀವೇ ಹಾಡಿ ನೋಡಿ, ಕಲಿಯಲು ಸುಲಭ.

ಹತ್ತು: ಕೇಟ್ ಬುಷ್ ಅವರಿಗೆ ಒಂದು ಭಾನುವಾರ ಕೊಡಿ

ಕೊನೆಯದು ಹಾಡಲ್ಲ, ಪೂರ್ತಿ ಆಲ್ಬಂ. 2011ರ ನವೆಂಬರಿನಲ್ಲಿ ಬಂದ '50 ವರ್ಡ್ಸ್ ಫಾರ್ ಸ್ನೋ'. ಏಳೇ ಹಾಡು, ಒಟ್ಟು 65 ನಿಮಿಷ. ಇದನ್ನು ಅಡುಗೆ ಮಾಡುತ್ತಾ ಕೇಳಬೇಡಿ. ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಫೋನ್ ಏರೋಪ್ಲೇನ್ ಮೋಡಿಗೆ ಹಾಕಿ, ಅಂದರೆ ಆಲ್ಬಮ್ಮನ್ನು ಮೊದಲೇ ಡೌನ್‌ಲೋಡ್ ಮಾಡಿಕೊಂಡಿರಬೇಕು. ಮೊದಲ ಹಾಡು 'ಸ್ನೋಫ್ಲೇಕ್' ಆಕಾಶದಿಂದ ಬೀಳುತ್ತಿರುವ ಒಂದು ಹಿಮದ ಚೂರಿನ ಮಾತು. ಆ ಚೂರಿಗೆ ದನಿ ಕೊಟ್ಟಿರುವುದು ಕೇಟ್ ಅವರ ಮಗ, ಆಗಿನ್ನೂ ಹುಡುಗ. ಬೀಳುತ್ತಾ ಇರು, ನಾನು ನಿನ್ನನ್ನು ಹುಡುಕುತ್ತೇನೆ ಅಂತ ತಾಯಿಯ ದನಿ ಕೆಳಗಿನಿಂದ ಹೇಳುತ್ತದೆ. ಇದೊಂದಕ್ಕೇ ಹತ್ತು ನಿಮಿಷದ ಹತ್ತಿರ. 'ಮಿಸ್ಟಿ' ಇನ್ನೂ ಉದ್ದ, ಹದಿಮೂರೂವರೆ ನಿಮಿಷ. ಹಿಮದ ಗೊಂಬೆಯನ್ನು ಪ್ರೀತಿಸಿದ ಹೆಣ್ಣಿನ ಕತೆ, ಬೆಳಗಾಗುವಷ್ಟರಲ್ಲಿ ಏನಾಗಿರುತ್ತದೆ ಅಂತ ನೀವೇ ಊಹಿಸಿ.

'ವೈಲ್ಡ್ ಮ್ಯಾನ್' ಬಂದಾಗ ಎದ್ದು ಕೂರಿ. ಅದು ನಮ್ಮ ಹಿಮಾಲಯದ ಯೇತಿಯ ಹಾಡು. ಡಾರ್ಜಿಲಿಂಗ್, ಕಾಂಚನಜುಂಗಾ ಎಲ್ಲ ಹೆಸರು ಹಿಡಿದೇ ಬರುತ್ತವೆ. ಬೇಟೆಗಾರರು ಹುಡುಕಿಕೊಂಡು ಬರುತ್ತಿದ್ದಾರೆ, ಓಡಿಹೋಗು ಅಂತ ಆ ಒಂಟಿ ಪ್ರಾಣಿಯ ಪರ ನಿಂತು ಹಾಡುತ್ತಾರೆ. ನನಗೆ ಈ ಆಲ್ಬಮ್ಮಿನಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಆ ಕಾಳಜಿ.

ಇಷ್ಟವಾದರೆ ಮುಂದೆ

'ರಿವರ್' ಹಿಡಿಸಿದವರು 'ಬ್ಲೂ' ಪೂರ್ತಿ ಕೇಳಿ, ಆಮೇಲೆ ಕ್ಯಾರೋಲ್ ಕಿಂಗ್ ಅವರ 'ಟೇಪೆಸ್ಟ್ರಿ'ಗೆ ಬನ್ನಿ. ಅದೂ 1971ರದೇ, ರೆಕಾರ್ಡ್ ಆದದ್ದೂ 'ಬ್ಲೂ' ರೆಕಾರ್ಡ್ ಆದ ಹಾಲಿವುಡ್ಡಿನ ಎ ಆ್ಯಂಡ್ ಎಂ ಸ್ಟುಡಿಯೋದಲ್ಲೇ, ಜೋನಿ ಅದರಲ್ಲಿ ಹಿನ್ನೆಲೆ ದನಿಯನ್ನೂ ಕೊಟ್ಟಿದ್ದಾರೆ. ಕೇಟ್ ಬುಷ್ ಹಿಡಿಸಿದವರಿಗೆ ಐಸ್‌ಲ್ಯಾಂಡಿನ ಬ್ಯೋರ್ಕ್ ಅವರ 2001ರ 'ವೆಸ್ಪರ್ಟೀನ್'. ಮ್ಯೂಸಿಕ್ ಬಾಕ್ಸ್, ಹಾರ್ಪ್, ಗಾಯಕವೃಂದ, ಹಿಮ ತುಳಿದ ಹಾಗೆ ಕೇಳುವ ಸಣ್ಣ ಸದ್ದುಗಳು. ಕಾಲೇಜು ಓದುವ ಮಕ್ಕಳು ಮನೆಯಲ್ಲಿದ್ದರೆ ಟೇಲರ್ ಸ್ವಿಫ್ಟ್ ಅವರ 'ಎವರ್‌ಮೋರ್' ಅವರ ಫೋನಿನಲ್ಲಿ ಆಗಲೇ ಇರಬಹುದು. 2020ರ ಡಿಸೆಂಬರಿನಲ್ಲಿ ಬಂದದ್ದು, ಹಬ್ಬಕ್ಕೆ ಹುಟ್ಟೂರಿಗೆ ಬಂದು ಹಳೇ ಗೆಳೆಯನನ್ನು ಕಾಣುವ ಹಾಡು ಅದರಲ್ಲಿದೆ. ಯಾವುದು ಇಷ್ಟ ಅಂತ ಅವರನ್ನು ಕೇಳಿ, ಅದನ್ನು ಪಟ್ಟಿಗೆ ಸೇರಿಸಿ.

ಪಟ್ಟಿಯನ್ನು ಯಾರಿಗಾದರೂ ಕಳಿಸುವಾಗ ಬರೀ ಲಿಂಕ್ ಹಾಕಬೇಡಿ. ದಿನಕ್ಕೆ ಒಂದು ಹಾಡು ಕಳಿಸಿ, ಬರೆದವರ ಹೆಸರು, ಅವರ ಊರು, ಕತೆ ಏನು ಅಂತ ಕನ್ನಡದಲ್ಲಿ ಎರಡು ಸಾಲು ಜೊತೆಗೆ ಹಾಕಿ. ಹತ್ತು ಲಿಂಕ್ ಒಟ್ಟಿಗೆ ಬಂದರೆ ಯಾರೂ ತೆರೆಯುವುದಿಲ್ಲ, ಎರಡು ಸಾಲಿನ ಕತೆ ಇದ್ದರೆ ತೆರೆದು ನೋಡುತ್ತಾರೆ.